ಸಲಕರಣೆ ಹಂಚಲು ಹಣವಿದೆ, ಹೊಸದನ್ನು ಮಾಡಿ ನೋಡಲು?

ಕಲಬುರಗಿ ಜಿಲ್ಲೆಯಲ್ಲಿ ವಿಕಲಚೇತನರಿಗೆ ಸಾಧನ ಸಲಕರಣೆ ವಿತರಿಸುವ ಶಿಬಿರಗಳು ನಡೆಯುತ್ತಲೇ ಇರುತ್ತವೆ. ಶಾಮಿಯಾನದ ಪಕ್ಕ ತ್ರಿಚಕ್ರ ಸೈಕಲ್ಲು, ಗಾಲಿಕುರ್ಚಿ, ಊರುಗೋಲು, ಶ್ರವಣಯಂತ್ರಗಳು ಸಾಲಾಗಿ ಕಾದಿರುತ್ತವೆ, ಭಾಷಣ ಮುಗಿದ ಮೇಲೆ ಫಲಾನುಭವಿಗಳ ಕೈ ಸೇರುತ್ತವೆ. ಕೇಂದ್ರದ ಅಡಿಪ್ ಯೋಜನೆ 1981ರಿಂದ ಈ ಕೆಲಸಕ್ಕೆ ಹಣ ಕೊಡುತ್ತಿದೆ, ಅದರಿಂದ ಎಷ್ಟೋ ಜನ ಮನೆಯಿಂದ ಹೊರಬಿದ್ದಿದ್ದಾರೆ. ನನ್ನ ತಕರಾರು ಇರುವುದು ಕಾನ್ಪುರದಲ್ಲೋ ಮತ್ತೆಲ್ಲೋ ತಯಾರಾದ ವಸ್ತುವನ್ನು ನಮ್ಮ ನೆಲಕ್ಕೆ ಹೊಂದಿಸಿಕೊಳ್ಳುವ ಕೆಲಸಕ್ಕೆ ಯಾರ ಲೆಕ್ಕಶೀರ್ಷಿಕೆಯಲ್ಲೂ ಜಾಗವಿಲ್ಲ ಎಂಬುದರ ಬಗ್ಗೆ.

ಜೇವರ್ಗಿ, ಅಫಜಲಪುರ ಕಡೆಯ ಎರೆಭೂಮಿಯಲ್ಲಿ ಒಂದು ಮಳೆ ಬಿದ್ದರೆ ಸಾಕು, ಗಾಲಿಕುರ್ಚಿಯ ಮುಂದಿನ ಸಣ್ಣ ಗಾಲಿಗೆ ಮಣ್ಣು ಮೆತ್ತಿಕೊಂಡು ಅದು ತಿರುಗುವುದೇ ನಿಲ್ಲುತ್ತದೆ. ನಗರದಲ್ಲಿ ಬೇರೆ ಬಗೆಯ ಕಷ್ಟ. ಇಲ್ಲಿನ ಕಚೇರಿಯೊಂದರ ಮುಂದೆ ಒಂದೂವರೆ ಅಡಿ ಎತ್ತರದ ಕಟ್ಟೆಗೆ ರ‍್ಯಾಂಪ್ ಕಟ್ಟಿದ್ದಾರೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬ ನಿಯಮದಂತೆ ಅದು ಹದಿನೆಂಟು ಅಡಿ ಉದ್ದವಿರಬೇಕು, ಇರುವುದು ಅದರ ಅರ್ಧದಷ್ಟೂ ಇಲ್ಲ. ಮೇಲೆ ಪಾಲಿಶ್ ಮಾಡಿದ ಶಹಾಬಾದ ಕಲ್ಲು ಬೇರೆ. ಒದ್ದೆಯಾದಾಗ ಎರಡು ಕಾಲು ನೆಟ್ಟಗಿರುವವರೇ ಅಲ್ಲಿ ಗೋಡೆ ಹಿಡಿದು ಇಳಿಯುತ್ತಾರೆ.

ಇಂಥ ಕಷ್ಟಗಳಿಗೆ ಪರಿಹಾರ ಹುಡುಕುವವರು ನಮ್ಮಲ್ಲಿ ಇಲ್ಲದಿಲ್ಲ. ಸ್ಕೂಟರಿಗೆ ಪಕ್ಕದ ಗಾಲಿ ಕೂಡಿಸಿಕೊಡುವ ವೆಲ್ಡಿಂಗ್ ಅಂಗಡಿಯೊಂದರಲ್ಲಿ, ಪೋಲಿಯೊದಿಂದ ಕಾಲು ಸೋತಿದ್ದ ಗ್ರಾಹಕರೊಬ್ಬರು, “ಅಣ್ಣಾ, ಗಾಲಿ ಸ್ವಲ್ಪ ಅಗಲ ಹಾಕ್ರಿ, ಮಳ್ಯಾಗ ಎರಿಯಾಗ ಹೂಳ್ತದ” ಎಂದು ಹೇಳುತ್ತಿದ್ದುದನ್ನು ಕೇಳಿದ್ದೇನೆ. ಅಂಗಡಿಯವರು ಚಾಕ್‌ಪೀಸಿನಿಂದ ನೆಲದ ಮೇಲೆಯೇ ಆಕ್ಸಲ್ಲಿನ ಅಳತೆ ಬರೆದು, ಇಷ್ಟು ಅಗಲ ಮಾಡಿದರೆ ಮನೆ ಬಾಗಿಲಲ್ಲಿ ಗಾಡಿ ಹಿಡಿಯುವುದೇ ಎಂದು ಕೇಳಿದರು. ವಿನ್ಯಾಸದ ಅಸಲಿ ಪ್ರಶ್ನೆ ಅದೇ. ಆದರೆ ಮಾಡಿ ನೋಡಿ, ಸರಿಹೋಗದಿದ್ದರೆ ಬಿಚ್ಚಿ ಮತ್ತೆ ಮಾಡುವ ಖರ್ಚನ್ನು ಅಂಗಡಿಯವರು ಹೊರಬೇಕು, ಇಲ್ಲವೇ ಗ್ರಾಹಕರು.

ಹೊಸ ಸಾಧನವೊಂದು ಪಕ್ವವಾಗಲು ಎಷ್ಟು ತಾಳ್ಮೆಯ ಹಣ ಬೇಕೆಂಬುದಕ್ಕೆ ದೆಹಲಿ ಐಐಟಿಯ ಸ್ಮಾರ್ಟ್‌ಕೇನ್ ಒಳ್ಳೆಯ ನಿದರ್ಶನ. ದೃಷ್ಟಿಹೀನರ ಬಿಳಿ ಕೋಲು ನೆಲದ ಮೇಲಿನ ಅಡ್ಡಿಯನ್ನಷ್ಟೇ ತಿಳಿಸುತ್ತದೆ. ಇದಾದರೋ ಶ್ರವಣಾತೀತ ತರಂಗಗಳಿಂದ ಮೊಣಕಾಲಿನಿಂದ ತಲೆಯವರೆಗಿನ ಎತ್ತರದಲ್ಲಿರುವುದನ್ನು ಗುರುತಿಸಿ ಹಿಡಿಯಲ್ಲಿ ಕಂಪನ ಉಂಟುಮಾಡುತ್ತದೆ. ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಹುಟ್ಟಿದ ಅದು ವರ್ಷಗಟ್ಟಲೆ ದೃಷ್ಟಿಹೀನರ ಕೈಯಲ್ಲೇ ಪರೀಕ್ಷೆಗೊಳಗಾಗಿ, ವೆಲ್‌ಕಮ್ ಟ್ರಸ್ಟಿನ ನೆರವೂ ದೊರೆತು, 2014ರಲ್ಲಿ ಬಳಕೆಗೆ ಬಂತು.

ನಮ್ಮ ಭಾಗದಲ್ಲಿ ಹಣದ ಮೂಲಗಳೇ ಇಲ್ಲವೆಂದು ಹೇಳಲಾಗದು. ಸಂವಿಧಾನದ 371ಜೆ ವಿಧಿಯ ಫಲವಾಗಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ಕಲಬುರಗಿಯಲ್ಲೇ ಇದೆ. ಸೇಡಂ, ಚಿತ್ತಾಪುರ ತಾಲ್ಲೂಕುಗಳಲ್ಲಿ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ, ಮತ್ತು ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. 1958ರಿಂದ ಇರುವ ಪಿಡಿಎ ಎಂಜಿನಿಯರಿಂಗ್ ಕಾಲೇಜಿನ ಎಷ್ಟೋ ಪ್ರಾಜೆಕ್ಟುಗಳು ಇಂಥ ಅಂಗಡಿಗಳ ಜೊತೆ ಕೂಡಿ ಆಗಬಹುದು.

ಹಣ ದೊಡ್ಡದಿರಬೇಕಿಲ್ಲ, ಕಂತುಗಳಲ್ಲಿ ಬಂದರೆ ಸಾಕು: ಮೊದಲ ಮಾದರಿಗೆ ಸ್ವಲ್ಪ, ಅದನ್ನು ಒಂದು ಮಳೆಗಾಲ ಬಳಸಿ ನೋಡಿದ ಮೇಲೆ ತಿದ್ದಲು ಉಳಿದದ್ದು. ಬಳಸಿ ನೋಡಿ ಲೋಪ ಹೇಳುವ ವಿಕಲಚೇತನರಿಗೂ ಆ ದಿನಗಳ ಕೂಲಿ ಸಲ್ಲಬೇಕು. ಅವರ ಅನುಭವವನ್ನು ಪುಕ್ಕಟೆಯಾಗಿ ಪಡೆಯುವ ರೂಢಿ ನನಗೆ ಸರಿಕಾಣುವುದಿಲ್ಲ. ಎರಡನೇ ಕಂತು ಬಿಡುಗಡೆಯಾಗುವುದು ಅವರ ಸಹಿಯಿಂದಲೇ ಆಗಲಿ. ಇನ್ನು ರಿಪೇರಿಯ ಮಾತು. ಬೇರಿಂಗ್ ಹೋಗಿ ಮೂಲೆ ಸೇರಿದ ತ್ರಿಚಕ್ರ ಸೈಕಲ್ಲುಗಳು ಯಾವ ಊರಲ್ಲಿ ಎಷ್ಟಿವೆ ಎಂಬುದು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಗೊತ್ತಿರುತ್ತದೆ; ವಿಕಲಚೇತನರಿಗೆಂದು ಪಂಚಾಯಿತಿಯಲ್ಲಿ ತೆಗೆದಿಡುವ ಶೇ 5ರ ಹಣದಲ್ಲಿ ಒಂದು ಪಾಲನ್ನು ಆ ಪಟ್ಟಿಯ ಪ್ರಕಾರ ತಾಲ್ಲೂಕಿನ ಒಂದು ಅಂಗಡಿಗೆ ಕೊಡಲು ಈ ವರ್ಷದ ಕ್ರಿಯಾಯೋಜನೆಯಲ್ಲೇ ಬರೆಯಬಹುದು.