ಪಿತ್ರಾರ್ಜಿತ ಬಿಡುವು: ಲಾರ್ಡ್ ಬರ್ಲಿ ಮತ್ತು ಹತ್ತು ತಡೆಗಳ ಓಟ

1928ರ ಜುಲೈ 30ರಂದು ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್ ಅಂತಿಮ ಓಟದಲ್ಲಿ ಇಂಗ್ಲೆಂಡಿನ ಡೇವಿಡ್ ಸೆಸಿಲ್ ಎಂಬ ಇಪ್ಪತ್ತಮೂರರ ತರುಣ 53.4 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನ ಗೆದ್ದ. ಅವನ ಬೆನ್ನಿಗೇ ಬಂದವರು ಇಬ್ಬರು ಅಮೆರಿಕನ್ನರು: ಫ್ರಾಂಕ್ ಕ್ಯುಹೆಲ್ ಮತ್ತು ನಾಲ್ಕು ವರ್ಷಗಳ ಹಿಂದೆ ಪ್ಯಾರಿಸ್‌ನಲ್ಲಿ ಇದೇ ಸ್ಪರ್ಧೆಯನ್ನು ಗೆದ್ದಿದ್ದ ಮಾರ್ಗನ್ ಟೇಲರ್. ಅಲ್ಲಿಯವರೆಗೆ ಒಲಿಂಪಿಕ್ಸ್‌ನಲ್ಲಿ ಈ ಓಟದ ಚಿನ್ನ ಅಮೆರಿಕವನ್ನು ಬಿಟ್ಟು ಬೇರೆ ದೇಶಕ್ಕೆ ಹೋಗಿರಲೇ ಇಲ್ಲ. ಎಕ್ಸೆಟರ್‌ನ ಮಾರ್ಕ್ವಿಸ್ ಎಂಬ ಬಿರುದಿನ ಶ್ರೀಮಂತನ ಹಿರಿಯ ಮಗನಾದ್ದರಿಂದ ಲೋಕಕ್ಕೆ ಆತ ಲಾರ್ಡ್ ಬರ್ಲಿ. ಶಿರಸಿಯಲ್ಲಿ ಕುಳಿತು ಈ ಕುಲೀನ ಓಟಗಾರನ ಚರಿತ್ರೆಯನ್ನು ಓದುವಾಗ ನನ್ನ ಗಮನವನ್ನು ಹಿಡಿದು ನಿಲ್ಲಿಸುವುದು ಪದಕವಲ್ಲ, ಆ ಪದಕದ ಹಿಂದೆ ಇದ್ದ ಬಿಡುವು.

ಬರಿಯ ಓಟವನ್ನು ಗದ್ದೆಯ ಬದುವಿನ ಮೇಲೂ ಘಟ್ಟದ ರಸ್ತೆಯಲ್ಲೂ ಕಲಿಯಬಹುದು, ಹರ್ಡಲ್ಸ್ ಹಾಗಲ್ಲ. 400 ಮೀಟರ್ ಓಟದಲ್ಲಿ ಮೂರು ಅಡಿ ಎತ್ತರದ ಹತ್ತು ತಡೆಗಳಿರುತ್ತವೆ. ಮೊದಲನೆಯದಕ್ಕೆ 45 ಮೀಟರ್, ಅಲ್ಲಿಂದಾಚೆ ಒಂದೊಂದಕ್ಕೂ 35 ಮೀಟರ್, ಕೊನೆಯದನ್ನು ದಾಟಿದ ಮೇಲೆ ಗುರಿಗೆ 40 ಮೀಟರ್ ಅಂತರ. ಎರಡು ತಡೆಗಳ ನಡುವೆ ಇಷ್ಟೇ ಹೆಜ್ಜೆ ಎಂಬ ಲೆಕ್ಕ ಕಾಲಿಗೆ ರೂಢಿಯಾಗಬೇಕು, ದಣಿದಾಗಲೂ ಆ ಲೆಕ್ಕ ತಪ್ಪಬಾರದು. ಹಾಗಾಗಬೇಕಾದರೆ ಅಳತೆಗೆ ಸರಿಯಾಗಿ ನಿಲ್ಲಿಸಿದ ತಡೆಗಳು, ಸಮತಟ್ಟಾದ ನೆಲ ಮತ್ತು ಬೇರೆ ಕೆಲಸವಿಲ್ಲದ ಗಂಟೆಗಳು ಬೇಕು. ನಮ್ಮಲ್ಲಿ ತಾಲೂಕು ಮಟ್ಟದ ಕ್ರೀಡಾಕೂಟ ನಡೆಯುವುದೇ ಮಳೆಗಾಲದ ಕೊನೆಯಲ್ಲಿ, ಮೈದಾನ ಇನ್ನೂ ಹಸಿಯಾಗಿರುವಾಗ. ಹಳ್ಳಿ ಶಾಲೆಯ ಎಷ್ಟೋ ಮಕ್ಕಳು ನಿಜವಾದ ಹರ್ಡಲ್ ಕಾಣುವುದು ಅವತ್ತೇ.

ಬರ್ಲಿಗೆ ಈಟನ್ ಶಾಲೆ ಇತ್ತು, ಕೇಂಬ್ರಿಜ್‌ನ ಮಾಡ್ಲಿನ್ ಕಾಲೇಜು ಇತ್ತು, ಸ್ಟ್ಯಾಮ್‌ಫರ್ಡ್ ಪಟ್ಟಣದ ಪಕ್ಕದಲ್ಲಿ ಮನೆತನದ ವಿಶಾಲವಾದ ಉದ್ಯಾನವೇ ಇತ್ತು. ಹಾಗೆಂದು ಆತ ಸುಮ್ಮನೆ ಗೆದ್ದವನಲ್ಲ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನ 110 ಮೀಟರ್ ಹರ್ಡಲ್ಸ್‌ನಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದಿದ್ದ. ತಡೆಯ ಮೇಲೆ ಬೆಂಕಿಪೆಟ್ಟಿಗೆಯನ್ನಿಟ್ಟು, ತಡೆ ಅಲುಗದಂತೆ ಪೆಟ್ಟಿಗೆಯನ್ನಷ್ಟೇ ಕಾಲಿನಿಂದ ಉರುಳಿಸುತ್ತ ಅಭ್ಯಾಸ ಮಾಡುತ್ತಿದ್ದನೆಂದು ಹೇಳುತ್ತಾರೆ. ಅಂದಿನ ಮರದ ತಡೆಗಳು ತಲೆಕೆಳಗಾದ ‘ಟಿ’ ಆಕಾರದವು, ಭಾರವಾದವು, ತಗಲಿದರೆ ಸುಲಭಕ್ಕೆ ಬೀಳದವು; ಒಂದನ್ನು ಬೀಳಿಸಿದರೂ ದಾಖಲೆಗೆ ಮಾನ್ಯತೆ ಸಿಗುತ್ತಿರಲಿಲ್ಲ. ಹೀಗಿದ್ದಾಗ ಬೆಂಕಿಪೆಟ್ಟಿಗೆಯಷ್ಟು ಅಂತರದಲ್ಲಿ ತಡೆಯನ್ನು ಸವರಿಕೊಂಡು ಹೋಗುವ ಸಾಧನೆ ಶೋಕಿಯ ಮಾತಲ್ಲ.

ಇನ್ನು ಮನೆತನದ ವಿಷಯ. ಇದರ ಮೂಲಪುರುಷ ವಿಲಿಯಂ ಸೆಸಿಲ್ ಮೊದಲನೆಯ ಎಲಿಜಬೆತ್ ರಾಣಿಗೆ ನಾಲ್ಕು ದಶಕಗಳ ಕಾಲ ಮುಖ್ಯ ಸಲಹೆಗಾರನಾಗಿದ್ದವನು. 1555ರಲ್ಲಿ ಆತ ಕಟ್ಟಿಸಲು ತೊಡಗಿದ ಬರ್ಲಿ ಹೌಸ್ ಪೂರ್ಣವಾಗಲು ಮೂರು ದಶಕ ಹಿಡಿಯಿತು, ಆತ ತೀರಿಕೊಂಡದ್ದು 1598ರಲ್ಲಿ. ನಮ್ಮ ಸೋದೆಯ ಚರಿತ್ರೆ ಬಲ್ಲವರಿಗೆ ಈ ಎರಡು ಇಸವಿಗಳು ಕೂಡಲೇ ಕಣ್ಣಿಗೆ ಬೀಳುತ್ತವೆ, ಏಕೆಂದರೆ ವಾದಿರಾಜರ ಕಾಲದ ಅರಸಪ್ಪ ನಾಯಕ ಸೋದೆಯನ್ನು ಆಳಿದನೆಂದು ಬರೆಯುವ ಅವಧಿಯೂ 1555ರಿಂದ 1598. ಇದು ಕಾಕತಾಳೀಯವೇ ಹೊರತು ಬೇರೇನಲ್ಲ. ಆದರೆ ಸೋದೆಯ ಅರಸರು ಹೈದರಾಲಿಯ ದಂಡಯಾತ್ರೆಯ ಕಾಲದಲ್ಲಿ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದರು, ಅರಮನೆ ಅಳಿಯಿತು. ಸೆಸಿಲ್‌ಗಳ ಮನೆ ಇಂದಿಗೂ ನಿಂತಿದೆ. ಯಾವ ಸೈನ್ಯವೂ ಕೆಡವದ ಮನೆಯಲ್ಲಿ ಹುಟ್ಟುವುದು ಸಹ ಒಂದು ಬಗೆಯ ಆಸ್ತಿಯೇ ಎಂದು ನನಗನ್ನಿಸುತ್ತದೆ.

ಈ ವಂಶದ ಕತೆಗಳಲ್ಲಿ ನನಗೆ ಬಲು ಹಿಡಿಸಿದ್ದು ಸಾರಾ ಹಾಗಿನ್ಸ್ ಎಂಬ ರೈತನ ಮಗಳದು. ಮಾರ್ಕ್ವಿಸ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಅರ್ಲ್ ಬಿರುದು ಈ ಮನೆತನಕ್ಕಿದ್ದ ಕಾಲದಲ್ಲಿ, ಒಂಬತ್ತನೆಯ ಅರ್ಲ್‌ನ ವಾರಸುದಾರನಾಗಿದ್ದ ಹೆನ್ರಿ ಸೆಸಿಲ್, ಸಾಲ ತಲೆಗೇರಿ, ಹೆಂಡತಿಯೂ ಒಬ್ಬ ಪಾದ್ರಿಯೊಡನೆ ಹೊರಟುಹೋದ ಮೇಲೆ, ಶ್ರಾಪ್‌ಶೈರ್‌ನ ಒಂದು ಹಳ್ಳಿಗೆ ಬಂದು ಜಾನ್ ಜೋನ್ಸ್ ಎಂಬ ಸುಳ್ಳು ಹೆಸರಿನಲ್ಲಿ ನೆಲೆಸಿದ. ಅಲ್ಲಿಯ ರೈತನ ಮಗಳನ್ನು 1790ರಲ್ಲಿ ಮದುವೆಯಾದಾಗ ಅವನ ಮೊದಲ ಮದುವೆ ಕಾನೂನಿನ ಪ್ರಕಾರ ಇನ್ನೂ ಮುರಿದಿರಲಿಲ್ಲ. ಆದ್ದರಿಂದ ವಿಚ್ಛೇದನ ದೊರೆತ ಬಳಿಕ 1791ರಲ್ಲಿ ಲಂಡನ್‌ನಲ್ಲಿ ಅವಳನ್ನೇ ಇನ್ನೊಮ್ಮೆ ಮದುವೆಯಾಗಬೇಕಾಯಿತು. 1793ರಲ್ಲಿ ದೊಡ್ಡಪ್ಪನೋ ಚಿಕ್ಕಪ್ಪನೋ ಆಗಬೇಕಾದ ಆ ಅರ್ಲ್ ತೀರಿಕೊಂಡಾಗ ಸಾರಾ ಬರ್ಲಿಯ ಒಡತಿಯಾಗಿ ಆ ಭಾರೀ ಮನೆಯ ಹೊಸ್ತಿಲು ತುಳಿದಳು, ನಾಲ್ಕೇ ವರ್ಷಗಳಲ್ಲಿ ತೀರಿಕೊಂಡಳು. ಹೆನ್ರಿಗೆ ಮಾರ್ಕ್ವಿಸ್ ಬಿರುದು ಬಂದದ್ದು 1801ರಲ್ಲಿ; ಅದನ್ನು ನೋಡಲು ಅವಳಿರಲಿಲ್ಲ. ಎರಡನೆಯ ಮಾರ್ಕ್ವಿಸ್ ಅವಳ ಮಗ, ನಮ್ಮ ಓಟಗಾರ ಅವಳಿಂದ ಐದನೆಯ ತಲೆಮಾರಿನವನು. ರಕ್ತದ ಮಹಿಮೆಯಿಂದಲೇ ಪದಕ ಬಂತು ಎಂದು ವಾದಿಸುವವರು ಆ ರಕ್ತದಲ್ಲಿ ಹೊಲ ಉತ್ತವರ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಹಾಗಾಗಿ ನಾನು ರಕ್ತವನ್ನು ಬದಿಗಿಟ್ಟು ನಿಯಮಗಳನ್ನು ನೋಡುತ್ತೇನೆ. 1866ರಲ್ಲಿ ಇಂಗ್ಲೆಂಡಿನ ಅಮೆಚೂರ್ ಅಥ್ಲೆಟಿಕ್ ಕ್ಲಬ್ ಕೂಲಿಕಾರರನ್ನೂ ಕುಶಲಕರ್ಮಿಗಳನ್ನೂ ಹವ್ಯಾಸಿಗಳೆಂದು ಒಪ್ಪುತ್ತಿರಲಿಲ್ಲ. 1880ರಲ್ಲಿ ಹುಟ್ಟಿದ ಹೊಸ ಸಂಘ ಆ ಬೇಲಿಯನ್ನು ಕಿತ್ತಿತಾದರೂ, ಓಟದಿಂದ ಹಣ ಪಡೆಯಬಾರದು ಎಂಬ ಕಟ್ಟಳೆ ಉಳಿದೇ ಉಳಿಯಿತು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಫಿನ್ಲೆಂಡಿನ ಪಾವೊ ನೂರ್ಮಿ ಈ ಕಟ್ಟಳೆಯ ಕಾರಣಕ್ಕೆ ಓಡಲಾಗಲಿಲ್ಲ. ಅದೇ ಕೂಟಕ್ಕೆ, ಹಿಂದಿನ ವರ್ಷವಷ್ಟೇ ಪೀಟರ್‌ಬರೋ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆಯ್ಕೆಯಾಗಿದ್ದ ಬರ್ಲಿ ಸದನದಿಂದ ರಜೆ ಪಡೆದು ಹೋದ. 400 ಮೀಟರ್ ಹರ್ಡಲ್ಸ್‌ನಲ್ಲಿ ನಾಲ್ಕನೆಯವನಾದ, 110 ಮೀಟರ್‌ನಲ್ಲಿ ಐದನೆಯವನಾದ, ರಿಲೇಯಲ್ಲಿ ಬೆಳ್ಳಿ ತಂದ. ಮುಂದೆ 1946ರಿಂದ 1976ರವರೆಗೆ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟದ ಅಧ್ಯಕ್ಷನಾಗಿ ಅದೇ ಕಟ್ಟಳೆಯ ಕಾವಲುಗಾರನಾದವನೂ ಈತನೇ. 1948ರ ಲಂಡನ್ ಒಲಿಂಪಿಕ್ಸ್‌ನ ಸಂಘಟನೆಯನ್ನು ಯುದ್ಧದಿಂದ ಬಳಲಿದ್ದ ದೇಶದಲ್ಲಿ ಹೊಸ ಕ್ರೀಡಾಂಗಣವನ್ನೂ ಕಟ್ಟದೆ ನಡೆಸಿದ ಶ್ರೇಯಸ್ಸು ಅವನಿಗೆ ಸಲ್ಲಬೇಕು. ಆದರೆ ಸಂಬಳ ಬೇಡದ ಮನುಷ್ಯ ಸಂಬಳ ಬೇಕಾದವರಿಗೆ ನಿಯಮ ಬರೆಯುವಾಗ ಏನೋ ಒಂದು ಕಾಣದೆ ಹೋಗುತ್ತದೆ.

ನಮ್ಮ ಜಿಲ್ಲೆಯಲ್ಲೇ ಇದರ ಮತ್ತೊಂದು ಮುಖವಿದೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಯೋಜನೆಯಲ್ಲಿ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕನ್ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ, ಊಟ, ವಸತಿ, ಶಾಲೆಯೊಂದಿಗೆ ಅಥ್ಲೆಟಿಕ್ಸ್ ತರಬೇತಿ ಕೊಟ್ಟಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು, ಕೆಲವರಿಗೆ ಕ್ರೀಡಾ ಮೀಸಲಿನಲ್ಲಿ ನೌಕರಿ ಸಿಕ್ಕಿತು. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಾಗ ಅನೇಕರು ಕಾಡಂಚಿನ ಊರುಗಳಿಗೂ ಕೂಲಿಗೂ ಮರಳಿದರು. ಬರ್ಲಿಗೆ ವಂಶ ಕೊಟ್ಟದ್ದನ್ನು ಅವರಿಗೆ ಸರ್ಕಾರ ಕೆಲವು ವರ್ಷಗಳ ಮಟ್ಟಿಗೆ ಕೊಟ್ಟಿತ್ತು, ಅಷ್ಟೇ. ಆಫ್ರಿಕನ್ ಮೂಲದವರು ಹುಟ್ಟಿನಿಂದಲೇ ಓಟಗಾರರು ಎಂಬ ಆ ಕಾಲದ ಊಹೆ, ಕುಲೀನರ ರಕ್ತದ ಹೊಗಳಿಕೆಯಷ್ಟೇ ಪೊಳ್ಳೆಂದು ನನ್ನ ಅಭಿಪ್ರಾಯ.

1956ರಲ್ಲಿ ತಂದೆಯ ನಂತರ ಬರ್ಲಿ ಆರನೆಯ ಮಾರ್ಕ್ವಿಸ್ ಆದ. ಒಬ್ಬನೇ ಮಗ ಶೈಶವದಲ್ಲೇ ತೀರಿಕೊಂಡಿದ್ದರಿಂದ, 1981ರಲ್ಲಿ ಆತ ಸತ್ತಾಗ ಬಿರುದು ಕೆನಡಾದಲ್ಲಿ ನೆಲೆಸಿದ್ದ ತಮ್ಮನಿಗೆ ಹೋಯಿತು. ಹೆಣ್ಣುಮಕ್ಕಳಿಗೆ ಅದು ಬರುವಂತಿರಲಿಲ್ಲ. ಆದರೆ ಮನೆಯನ್ನು ಆತ 1969ರಲ್ಲೇ ಒಂದು ಟ್ರಸ್ಟಿಗೆ ಒಪ್ಪಿಸಿಯಾಗಿತ್ತು, ಅದರ ಉಸ್ತುವಾರಿಯನ್ನು ಮಗಳು ವಿಕ್ಟೋರಿಯಾ ವಹಿಸಿಕೊಂಡಳು. ತೋಟ ಹಿಸ್ಸೆಯಾದಾಗ ಮನೆಯ ನಡುವೆಯೇ ಗೋಡೆ ಎಬ್ಬಿಸುವ ನಮ್ಮ ಕಡೆಯವರು ಈ ಏರ್ಪಾಡನ್ನೊಮ್ಮೆ ಗಮನಿಸಬಹುದು. 1961ರಲ್ಲಿ ಆತ ಆರಂಭಿಸಿದ ಕುದುರೆ ಸ್ಪರ್ಧೆ ಆ ಉದ್ಯಾನದಲ್ಲಿ ಈಗಲೂ ನಡೆಯುತ್ತದೆ, ತಡೆಗಳನ್ನು ಈಗ ಕುದುರೆಗಳು ಹಾರುತ್ತವೆ. ಇಳಿವಯಸ್ಸಿನಲ್ಲಿ ಸೊಂಟದ ಕೀಲು ಸವೆದು ಕೃತಕ ಕೀಲು ಹಾಕಿಸಿಕೊಂಡಿದ್ದ ಆತ, ಅದನ್ನೂ ಬದಲಿಸಬೇಕಾಗಿ ಬಂದಾಗ ಹಳೆಯ ಲೋಹದ ಕೀಲನ್ನು ಎಸೆಯದೆ ತನ್ನ ಕಾರಿನ ಮುಂದೆ ಲಾಂಛನವಾಗಿ ಕೂರಿಸಿಕೊಂಡಿದ್ದ.