ತೋಟದ ಕೆರೆಯ ಮೀನು: ಲೆಕ್ಕ ಹಿಡಿಯಬೇಕಾದ್ದು ಮಾರ್ಚ್ ನೀರಿಗೆ

ಕೊಡಗಿನ ಕಾಫಿ ತೋಟದ ಕೆರೆಗೆ ಮೀನುಮರಿ ಬಿಡುವವರು ಸಾಮಾನ್ಯವಾಗಿ ಕೆರೆ ನೋಡುವುದು ಆಗಸ್ಟ್‌ನಲ್ಲಿ. ಕೋಡಿ ಹರಿಯುತ್ತಿರುತ್ತದೆ, ಏರಿಯ ಅಂಚಿನವರೆಗೂ ನೀರು. ಎರಡು ಸಾವಿರ ಮರಿ ಬಿಟ್ಟರೂ ಕಡಿಮೆಯೇ ಅನ್ನಿಸುತ್ತದೆ. ಅದೇ ಕೆರೆಯನ್ನು ಮಾರ್ಚ್ ಕೊನೆಯಲ್ಲಿ, ಕಾಫಿಗೆ ಸ್ಪ್ರಿಂಕ್ಲರ್ ಹೊಡೆದು ಮುಗಿದ ಮೇಲೆ, ನೋಡಬೇಕು. ಎಷ್ಟು ಮೀನು ಬದುಕುತ್ತದೆ, ಎಷ್ಟು ತೂಗುತ್ತದೆ, ಗಾಳಕ್ಕೆ ಏನು ಸಿಗುತ್ತದೆ ಎನ್ನುವುದೆಲ್ಲ ಆಗ ತಳದಲ್ಲಿ ಉಳಿದ ನೀರಿನ ಮೇಲೆ ನಿಂತಿದೆ.

ಲೆಕ್ಕ ಕಷ್ಟದ್ದಲ್ಲ. ಒಂದು ಎಕರೆ ವಿಸ್ತಾರದ, ಸರಾಸರಿ 2 ಮೀಟರ್ ಆಳದ ಕೆರೆ ತುಂಬಿದಾಗ ಸುಮಾರು 81 ಲಕ್ಷ ಲೀಟರ್ ನೀರು. ಒಂದು ಎಕರೆ ತೋಟಕ್ಕೆ ಒಂದು ಇಂಚು ನೀರು ಕೊಡಲು ಒಂದು ಲಕ್ಷ ಲೀಟರ್‌ಗಿಂತ ತುಸು ಹೆಚ್ಚು ಬೇಕು. ಹೂ ಅರಳಿಸಲು 40 ಎಕರೆ ರೊಬಸ್ಟಾಕ್ಕೆ ಒಂದೂವರೆ ಇಂಚಿನಂತೆ ಹೊಡೆದರೆ 62 ಲಕ್ಷ ಲೀಟರ್ ಹೋಯಿತು. ಉಳಿಯುವುದು 19 ಲಕ್ಷ, ಅಂದರೆ ಕಾಲುಭಾಗಕ್ಕೂ ಕಡಿಮೆ. ಬಿಸಿಲಿಗೆ ಆರಿದ್ದು ಇದರಲ್ಲಿ ಸೇರಿಲ್ಲ. ಮಳೆ ಕೈಕೊಟ್ಟು, ಹೂ ಅರಳಿದ ಮೇಲೆ ಎರಡನೇ ಸಲ ನೀರು ಕೊಡುವ ಬ್ಯಾಕಿಂಗ್‌ಗೂ ಮೋಟಾರು ಓಡಿಸಬೇಕಾಗಿ ಬಂದರೆ, ಊಟೆ ನೀರು ಇಲ್ಲದ ಕೆರೆಯಲ್ಲಿ ಮೀನಿಗೆ ಉಳಿಯುವುದು ಬರೀ ಕೆಸರು. ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಮೋಟಾರಿಗೆ ನೀರು ಎಳೆಯುವ ಪೈಪಿನ ತುದಿಯ ಫುಟ್‌ವಾಲ್ವ್ ಇರುವ ಜಾಗಕ್ಕೆ ಸಂಬಂಧಿಸಿದ್ದು. ಅದು ಕೆರೆಯ ಅತಿ ಆಳದ ಗುಂಡಿಯಲ್ಲಿ ಇರಬಾರದು. ಗುಂಡಿಯ ತಳಕ್ಕಿಂತ ಕನಿಷ್ಠ 5 ಅಡಿ ಮೇಲಿದ್ದರೆ ಮೋಟಾರು ಗಾಳಿ ಎಳೆಯತೊಡಗಿದಾಗಲೂ ಮೀನಿಗೆ 5 ಅಡಿ ನೀರು ಇರುತ್ತದೆ. ಹೂಳು ತೆಗೆಸುವಾಗ ಇಡೀ ಕೆರೆಯನ್ನು ಒಂದೇ ಸಮ ಅಗೆಯುವ ಬದಲು ಒಂದು ಮೂಲೆಯನ್ನು ಇನ್ನಷ್ಟು ಆಳ ಮಾಡಿಸುವುದು ಮೀನಿನ ದೃಷ್ಟಿಯಿಂದ ಹೆಚ್ಚು ಉಪಯೋಗ.

ಈ ಕೆರೆಗಳಲ್ಲಿ ಇರುವ ಮೀನುಗಳಲ್ಲಿ ಅರ್ಧಕ್ಕರ್ಧ ಹೊರಗಿನವು. ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗಾ ಬಯಲಿನ ಹೊಳೆಮೀನುಗಳು. ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ರಸದ ಚುಚ್ಚುಮದ್ದಿನಿಂದ ಅವುಗಳ ಮರಿ ಮಾಡಿಸಿದ ಮೇಲೆಯೇ ಬೇಕಾದಷ್ಟು ಮರಿ ಸಿಗುವ ದಾರಿ ತೆರೆದದ್ದು. ಎಂದರೆ ನಿಮ್ಮ ಕೆರೆಯಲ್ಲಿರುವ ಒಂದೊಂದು ಕಾಟ್ಲಾವೂ ಯಾರೋ ಬಿಟ್ಟದ್ದು. ಹಿಡಿದಷ್ಟೂ ಕಡಿಮೆಯಾಗುತ್ತದೆ, ತಾನಾಗಿ ತುಂಬಿಕೊಳ್ಳುವುದಿಲ್ಲ. ಸಾಮಾನ್ಯ ಗೆಂಡೆ 1939ರಲ್ಲಿ ನೀಲಗಿರಿಗೆ ಬಂದ ಮೀನು. ಅದು ಕೆರೆಯಲ್ಲೇ ಜೊಂಡಿಗೆ ಮೊಟ್ಟೆ ಅಂಟಿಸಿ ಮರಿ ಮಾಡುತ್ತದೆ, ಕೊಡಗಿನ ಚಳಿಯನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಹುಳ ಹುಡುಕುತ್ತ ತಳವನ್ನೂ ಏರಿಯ ಬುಡವನ್ನೂ ಕೆದಕಿ ನೀರನ್ನು ವರ್ಷವಿಡೀ ಕೆಂಪಾಗಿಡುತ್ತದೆ. ಮಣ್ಣಿನ ಏರಿಯ ಸಣ್ಣ ಕೆರೆಗೆ ಅದನ್ನು ಬಿಡದಿರುವುದೇ ಒಳ್ಳೆಯದು.

ಜಿಲೇಬಿ, ಅಂದರೆ ತಿಲಾಪಿಯಾ, 1952ರಲ್ಲಿ ದೇಶಕ್ಕೆ ಬಂತು. ಬೇಡವೆಂದರೂ ಕೆರೆ ಸೇರುವುದು ಇದೇ. ಹೆಣ್ಣು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾಯುವುದರಿಂದ ಮರಿ ಸಾಯುವುದು ಕಡಿಮೆ. ಎರಡು ಮೂರು ತಿಂಗಳಿಗೇ ಮೊಟ್ಟೆಗೆ ಬರುತ್ತದೆ. ಹಿಡಿದ ಜಿಲೇಬಿಗಳೆಲ್ಲ ಅಂಗೈ ಅಗಲವೂ ಇಲ್ಲದೆ, ಆ ಗಾತ್ರದಲ್ಲೇ ಹೊಟ್ಟೆ ತುಂಬ ಮೊಟ್ಟೆಯಿದ್ದರೆ ಕೆರೆಯ ಮೇವಿಗಿಂತ ಬಾಯಿ ಹೆಚ್ಚಾಗಿದೆ ಎಂದು ತಿಳಿಯಿರಿ. ಅಂಥ ಕೆರೆಗೆ ಕಾಟ್ಲಾ ಮರಿ ಬಿಡುವುದು ದುಡ್ಡು ನೀರಿಗೆ ಹಾಕಿದಂತೆ. ಮಾರ್ಚ್‌ನಲ್ಲಿ ನೀರು ಇಳಿದಾಗ ಬಲೆ ಎಳೆದು ಸಿಕ್ಕಷ್ಟನ್ನೂ ತೆಗೆಯಬೇಕು. ಒಂದನ್ನೂ ವಾಪಸ್ ಬಿಡಬಾರದು.

ಹೊಳೆ, ತೋಡು, ಗದ್ದೆಯಿಂದ ತಾವಾಗಿ ಬರುವ ನಮ್ಮವೇ ಮೀನುಗಳೂ ಇವೆ: ಪಕ್ಕೆ, ಸಸಲು, ಚೇಳುಮೀನು, ಮುರುಗೋಡು, ಕೊರವ. ಮೊದಲ ಮಳೆಗೆ ಹತ್ತುಮೀನಾಗಿ ಗದ್ದೆ ಕಾಲುವೆ ಏರಿ ಕೆರೆಗೆ ಸೇರುತ್ತವೆ. ಮುರ್ರೆಲ್ ಎಂದು ಪೇಟೆಯಲ್ಲಿ ಬೆಲೆ ಬಾಳುವ ಕೊರವ ಬೇಟೆಮೀನು. ಜಿಲೇಬಿ ಮರಿಯ ಹಾವಳಿಗೆ ಅದರಷ್ಟು ಒಳ್ಳೆಯ ಮದ್ದಿಲ್ಲ. ಮಳೆಗಾಲದಲ್ಲಿ ಕೆಂಪು ಮರಿಗಳ ಹಿಂಡು ಅಂಚಿನಲ್ಲಿ ಬುರುಬುರು ಎದ್ದು ಮುಳುಗುತ್ತಿದ್ದರೆ ಕೆಳಗೆ ತಂದೆತಾಯಿ ಕಾವಲಿವೆ. ಆಗ ಅಲ್ಲಿಗೆ ಗಾಳ ಹಾಕಿದರೆ ಥಟ್ಟನೆ ಹೊಡೆಯುತ್ತವೆ, ಅದಕ್ಕೇ ಹಾಕಬಾರದು. ಕಾವಲು ತಪ್ಪಿದ ಮರಿಗಳು ಮಿಂಚುಳ್ಳಿಗೂ ಜಿಲೇಬಿಗೂ ತುತ್ತು. ಆಫ್ರಿಕನ್ ಕ್ಯಾಟ್‌ಫಿಶ್ ಮರಿಯನ್ನು ಯಾರಾದರೂ ಮುರುಗೋಡು ಎಂದು ಹೇಳಿ ಕೊಟ್ಟರೆ ತಗೊಳ್ಳಬೇಡಿ. ಅದರ ಸಾಕಣೆಗೆ ದೇಶದಲ್ಲಿ ನಿಷೇಧವಿದೆ. ಕೋಡಿ ದಾಟಿ ಕಾವೇರಿ ಸೇರಿದರೆ ಅಲ್ಲಿನ ಮೀನಿಗೆ ಅದು ಕಂಟಕ.

ತೋಟದ ಕೆರೆಯ ಮೀನಿಗೆ ಅಪಾಯ ಬರುವುದು ಮುಖ್ಯವಾಗಿ ಮೂರು ಹೊತ್ತಿನಲ್ಲಿ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಪಲ್ಪಿಂಗ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವುದು. ಹಣ್ಣಿನ ಲೋಳೆ ಬೆರೆತ ನೀರು ಹುಳಿತು ಆಮ್ಲವಾಗುತ್ತದೆ, ಕೊಳೆಯುತ್ತ ಕೆರೆಯ ಆಮ್ಲಜನಕವನ್ನೆಲ್ಲ ನುಂಗುತ್ತದೆ. ಪಲ್ಪರ್ ಗುಂಡಿಯ ಏರಿ ಒಂದು ಕಡೆ ಸೋರಿದರೂ ಸಾಕು, ಎರಡು ರಾತ್ರಿಯಲ್ಲಿ ಕೆರೆಯ ಮೀನೆಲ್ಲ ಖಾಲಿ. ಎರಡನೆಯದು ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ದ್ರಾವಣದ ಸಿಂಪಡಣೆ. ಮಳೆಗೆ ಮುಂಚೆ, ಕೆರೆಯಲ್ಲಿ ನೀರು ತೀರಾ ಕಡಿಮೆಯಿರುವಾಗಲೇ, ಮೈಲುತುತ್ತ ತೋಟಕ್ಕೆ ಬರುತ್ತದೆ. ಸುಣ್ಣದಂಶ ಹೆಚ್ಚಿರುವ ಗಡಸು ನೀರಿನಲ್ಲಿ ತಾಮ್ರದ ವಿಷ ತಗ್ಗುತ್ತದೆ. ಕೊಡಗಿನ ಮಳೆನೀರು ಮೆದು, ಅದರಲ್ಲಿ ಸ್ವಲ್ಪವೇ ತಾಮ್ರವೂ ಮೀನಿನ ಕಿವಿರು ಸುಡುತ್ತದೆ. ಕ್ಷಾರತೆ ಲೀಟರಿಗೆ 50 ಮಿಲಿಗ್ರಾಂಗಿಂತ ಕಡಿಮೆಯಿರುವ ನೀರಿಗೆ ಪಾಚಿ ಕೊಲ್ಲಲೆಂದೂ ಮೈಲುತುತ್ತ ಹಾಕಬಾರದು. ಡ್ರಮ್ಮು, ಸಿಂಪಡಿಸುವ ಗೇಟರ್ ಪಂಪು, ಪೈಪುಗಳನ್ನು ಕೆರೆಯಂಚಿನಲ್ಲಿ ತೊಳೆಯದಂತೆ ಕೆಲಸದವರಿಗೆ ಮೊದಲೇ ಹೇಳಿ, ತೊಳೆಯಲು ಬೇರೆ ಜಾಗ ತೋರಿಸಿ. ಕಾಂಡಕೊರಕಕ್ಕೆ, ಕಾಯಿಕೊರಕಕ್ಕೆ ಹೊಡೆಯುವ ಕೀಟನಾಶಕಗಳು ಇನ್ನೂ ಕೆಟ್ಟವು.

ಮೂರನೆಯದು ಮೇ ತಿಂಗಳ ಮೋಡ. ನೀರು ಕಡಿಮೆ, ಸೆಕೆ ಹೆಚ್ಚು, ಗಾಳಿಯಿಲ್ಲ, ಹಗಲೆಲ್ಲ ಮೋಡ ಕವಿದು ಪಾಚಿ ಆಮ್ಲಜನಕ ಮಾಡಿಲ್ಲ. ಬೆಳಗಿನ ಜಾವ 4ರಿಂದ 6ರೊಳಗೆ ಮೀನು ಬಾಯಿ ಮೇಲೆತ್ತಿ ಗುಟುಕು ಗುಟುಕು ಗಾಳಿ ಹೀರುತ್ತದೆ. ಸ್ಪ್ರಿಂಕ್ಲರ್ ಮೋಟಾರು ಇರುವವರು ಆಗ ಬೇರೇನೂ ಹುಡುಕಬೇಕಿಲ್ಲ. ಒಂದೆರಡು ಜೆಟ್ಟನ್ನು ಕೆರೆಗೇ ತಿರುಗಿಸಿ ಬಿಸಿಲೇರುವವರೆಗೆ ಓಡಿಸಿ. ಆ ದಿನ ಮೇವು ಹಾಕಬೇಡಿ, ಗೊಬ್ಬರವನ್ನಂತೂ ಬೇಡವೇ ಬೇಡ.

ಮೀನು ಸತ್ತಾಗ ಕಾರಣ ಕಂಡುಹಿಡಿಯಲು ಒಂದು ಒಳ್ಳೆಯ ಗುರುತಿದೆ. ಆಮ್ಲಜನಕ ಸಾಲದೆ ಸತ್ತರೆ ದೊಡ್ಡ ಮೀನು ಮೊದಲು ಸಾಯುತ್ತದೆ, ನೇರವಾಗಿ ಗಾಳಿ ಉಸಿರಾಡಬಲ್ಲ ಕೊರವ, ಮುರುಗೋಡು, ಚೇಳುಮೀನು ಉಳಿಯುತ್ತವೆ. ವಿಷ ಸೇರಿದ್ದರೆ ಸಣ್ಣವು ಮೊದಲು ತೇಲುತ್ತವೆ, ಕೊರವವನ್ನೂ ಅದು ಬಿಡುವುದಿಲ್ಲ. ಕಿವಿರಿನ ಮೇಲೆ ಲೋಳೆ ದಟ್ಟವಾಗಿ ಕಟ್ಟಿದ್ದರೆ ತಾಮ್ರದ ಅನುಮಾನ ಇನ್ನೂ ಬಲವಾಗುತ್ತದೆ.

ನೀರಿನ ಫಲವತ್ತು ನೋಡಲು 8 ಇಂಚಿನ ತಟ್ಟೆಯನ್ನು ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಣ್ಣ ಬಳಿದು, ಕೆಳಗೆ ಭಾರ ಕಟ್ಟಿ, ಗುರುತು ಹಾಕಿದ ಹಗ್ಗದಲ್ಲಿ ಇಳಿಸಿ. 25ರಿಂದ 40 ಸೆಂಟಿಮೀಟರಿನಲ್ಲಿ ಕಣ್ಮರೆಯಾದರೆ ಮೇವು ಸರಿಯಾಗಿದೆ. 20ಕ್ಕೂ ಮೊದಲೇ ಮಾಯವಾದರೆ ಪಾಚಿ ಅತಿಯಾಗಿದೆ, 60 ದಾಟಿಯೂ ಕಂಡರೆ ನೀರು ಬಡವಾಗಿದೆ. ಇದು ಹಸಿರು ನೀರಿಗೆ ಮಾತ್ರ, ಮಳೆಗಾಲದ ಕೆಂಪು ನೀರಿಗಲ್ಲ. ಇಲ್ಲಿನ ಮಣ್ಣು ಹುಳಿ, ಪಿಎಚ್ 7ಕ್ಕಿಂತ ಇಳಿದಿದ್ದರೆ ತೋಟಕ್ಕೆ ತಂದ ಕೃಷಿಸುಣ್ಣವನ್ನೇ ಎಕರೆಗೆ 80ರಿಂದ 100 ಕಿಲೋ, ಎರಡು ಕಂತಿನಲ್ಲಿ ಎರಚಿ. ಮೀನಿರುವ ಕೆರೆಗೆ ಸುಟ್ಟ ಸುಣ್ಣ ಬೇಡ, ಪಿಎಚ್ ಒಮ್ಮೆಗೇ ಜಿಗಿಯುತ್ತದೆ.

ಕೆರೆಯಲ್ಲಿ ಎಷ್ಟು ಮೀನಿದೆ ಎಂಬುದನ್ನು ಊಹಿಸುವ ಬದಲು ಎಣಿಸಬಹುದು. ಕೋಡಿ ನಿಂತ ಮೇಲೆ, ಅಕ್ಟೋಬರ್ ಕೊನೆ ಅಥವಾ ನವೆಂಬರ್ ಸರಿಯಾದ ಕಾಲ. ಆಗ ಮೀನು ಒಳಬರುವುದೂ ಹೊರಹೋಗುವುದೂ ಇರುವುದಿಲ್ಲ. ಬೀಸುಬಲೆಯಲ್ಲಿ 60 ರೋಹು ಹಿಡಿದು, ಹೊಟ್ಟೆಯ ಕೆಳಗಿನ ಎಡರೆಕ್ಕೆಯ ತುದಿಯನ್ನು ಕತ್ತರಿಯಿಂದ ಚೂರು ಕತ್ತರಿಸಿ ಬಿಡಿ. ಹತ್ತು ದಿನ ಬಿಟ್ಟು ಮತ್ತೆ ಹಿಡಿಯಿರಿ. 45 ರೋಹು ಸಿಕ್ಕು ಅದರಲ್ಲಿ 9ಕ್ಕೆ ಗುರುತಿದ್ದರೆ, 60ನ್ನು 45ರಿಂದ ಗುಣಿಸಿ 9ರಿಂದ ಭಾಗಿಸಿ: ಸುಮಾರು 300 ರೋಹು ಇವೆ. ತಪ್ಪಾಗುವುದು ಸಾಮಾನ್ಯವಾಗಿ ಎರಡು ಕಡೆ. ಎರಡು ಸಲವೂ ಮೇವು ಹಾಕುವ ಒಂದೇ ಜಾಗದಲ್ಲಿ ಬಲೆ ಬೀಸಿದರೆ ಅಲ್ಲೇ ಸುಳಿದಾಡುವ ಮೀನುಗಳೇ ಮತ್ತೆ ಸಿಕ್ಕು ಲೆಕ್ಕ ಕಡಿಮೆ ಬರುತ್ತದೆ. ಬಲೆಯಲ್ಲಿ ನಲುಗಿದ ಮೀನಿಗೆ ಗುರುತು ಹಾಕಿ ಬಿಟ್ಟು ಅವು ಸತ್ತರೆ ಲೆಕ್ಕ ಹೆಚ್ಚು ಬರುತ್ತದೆ. ಗುರುತಿನವು ಎರಡೋ ಮೂರೋ ಮಾತ್ರ ಸಿಕ್ಕಿದರೆ ಆ ಅಂಕಿಯನ್ನು ನಂಬಬೇಡಿ, ಇನ್ನೊಂದು ದಿನ ಬಲೆ ಬೀಸಿ.

ಅದೇ ಹೊತ್ತಿಗೆ, ಮೀನು ಮೈದುಂಬಿದೆಯೇ ಎಂದು ತಿಳಿಯಲು ಹತ್ತು ಮೀನನ್ನು ಅಳೆದು ತೂಗಿ. ತೂಕದ ಗ್ರಾಮನ್ನು 100ರಿಂದ ಗುಣಿಸಿ, ಉದ್ದದ ಸೆಂಟಿಮೀಟರಿನ ಘನದಿಂದ ಭಾಗಿಸಬೇಕು. 40 ಸೆಂಟಿಮೀಟರ್ ಉದ್ದದ ರೋಹು 900 ಗ್ರಾಂ ಇದ್ದರೆ 1.4 ಬರುತ್ತದೆ, ಮೈದುಂಬಿದೆ. 600 ಗ್ರಾಂ ಇದ್ದರೆ 0.94. ತಲೆ ದೊಡ್ಡದು, ಮೈ ಕತ್ತಿಯಂತೆ. ಆ ಕೆರೆಗೆ ಬೇಕಾದ್ದು ಹೊಸ ಮರಿಯಲ್ಲ, ಹಿಡಿಯುವ ಕೈಗಳು. ರೋಹುವನ್ನು ರೋಹುವಿನ ಜೊತೆಗೇ ಹೋಲಿಸಬೇಕು, ಗುಜ್ಜು ಮೈಯ ಕಾಟ್ಲಾಕ್ಕೆ ಈ ಅಂಕಿ ಸಹಜವಾಗಿಯೇ ಹೆಚ್ಚು.

ಇನ್ನು ಗಾಳ. ಕಾಟ್ಲಾದ ಬಾಯಿ ಮೇಲ್ಮುಖ, ಅದು ಮೇವುಣ್ಣುವುದು ಮೇಲಿನ ನೀರಿನಲ್ಲಿ. ಬೆಂಡಿನಿಂದ ಒಂದೂವರೆ ಎರಡು ಅಡಿ ಕೆಳಗೆ ಗಾಳ ತೂಗಬೇಕು. ರೋಹು ನಡುನೀರಿನದು, ಮೃಗಾಲ್ ತಳದ್ದು. ಕೆರೆಯಲ್ಲಿ ಕಾಟ್ಲಾ ತುಂಬಿದ್ದರೂ ಸಿಗುವುದಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಗಾಳವನ್ನು ತಳಕ್ಕೆ ಬಿಟ್ಟು ಕೂತಿರುತ್ತಾರೆ. ಕಾಟ್ಲಾ, ರೋಹು ಮುಂತಾದ ಗೆಂಡೆ ಜಾತಿಗೆ 4ರಿಂದ 6ನೇ ನಂಬರಿನ ಗಾಳ, 0.30 ಮಿಲಿಮೀಟರಿನ ತಂಗೂಸಿ ಸಾಕು. ಜಿಲೇಬಿ, ಪಕ್ಕೆಗೆ 10 ಅಥವಾ 12ನೇ ನಂಬರಿನ ಗಾಳಕ್ಕೆ ಎರೆಹುಳದ ತುಂಡು.

ಇರೆಗೆ ಎರಡು ಲೋಟ ರಾಗಿಹಿಟ್ಟು, ಒಂದು ಲೋಟ ಪುಡಿ ಮಾಡಿದ ಕಡಲೆಕಾಯಿ ಹಿಂಡಿ, ಅರ್ಧ ಲೋಟ ಮೈದಾ. ನೀರು ಚಿಮುಕಿಸಿ ಗಟ್ಟಿಯಾಗಿ ನಾದಿ, ನಿಂಬೆಗಾತ್ರದ ಉಂಡೆ ಮಾಡಿ, ಕುದಿಯುವ ನೀರಿನಲ್ಲಿ 15ರಿಂದ 20 ನಿಮಿಷ ಬೇಯಿಸಿ ಮತ್ತೆ ನಾದಬೇಕು. ಬೇಯಿಸದ ಹಿಟ್ಟನ್ನು ಜಿಲೇಬಿ ಮರಿಗಳು ಎರಡು ನಿಮಿಷದಲ್ಲಿ ಕಿತ್ತುಹಾಕುತ್ತವೆ. ಆದರೂ ನಿಲ್ಲದಿದ್ದರೆ ಚೂರು ಹತ್ತಿಯ ಎಳೆ ಬೆರೆಸಿ ನಾದಿ. ಗಾಳ ಹಾಕುವ ಜಾಗಕ್ಕೆ ಎರಡು ಮೂರು ದಿನ ಮೊದಲಿನಿಂದ ಅದೇ ಹೊತ್ತಿಗೆ ತೌಡು ಹಿಂಡಿ ಕಲಸಿದ ಉಂಡೆ ಹಾಕಿ, ದಿನಕ್ಕೆ ಒಂದು ಕಿಲೋ ದಾಟದಂತೆ. ಹೆಚ್ಚಾದದ್ದು ತಳದಲ್ಲಿ ಕೊಳೆಯುತ್ತದೆ. ಬೆಂಡು ಕುಣಿದ ತಕ್ಷಣ ಎಳೆಯಬೇಡಿ. ರೋಹು ತುಟಿಯಿಂದ ಮುಟ್ಟಿ ಮುಟ್ಟಿ ನೋಡುತ್ತದೆ. ಬೆಂಡು ಓರೆಯಾಗಿ ಜಾರಿ ಹೋಗತೊಡಗಿದಾಗ ಎಳೆಯಬೇಕು.

ಅಕ್ಟೋಬರ್, ನವೆಂಬರ್ ಗಾಳಕ್ಕೆ ಒಳ್ಳೆಯ ಕಾಲ: ನೀರು ತಿಳಿಯಾಗಿರುತ್ತದೆ, ಇನ್ನೂ ತಣ್ಣಗಾಗಿರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಮಂಜಿನಲ್ಲಿ ಕೂತು ಪ್ರಯೋಜನವಿಲ್ಲ, 11ರಿಂದ 3ರವರೆಗೆ ಬಿಸಿಲು ಬೀಳುವ ಕಡಿಮೆ ಆಳದ ಕಡೆ ಪ್ರಯತ್ನಿಸಿ. ಏಪ್ರಿಲ್‌ನಲ್ಲಿ ಮುಂಜಾನೆ, ಸಂಜೆ ಒಳ್ಳೆಯದು, ಆದರೆ ಸಿದ್ದಾಪುರ, ಮಾಲ್ದಾರೆ ಕಡೆ ತೋಟಗಳಲ್ಲಿ ಆನೆ ನೀರಿಗಿಳಿಯುವ ಹೊತ್ತೂ ಅದೇ. ಅಲ್ಲಿ 5 ಗಂಟೆಗೆ ಗಾಳ ಸುತ್ತಿಕೊಂಡು ಏಳಬೇಕು.

ಮರಿ ಬಿಡುವ ಲೆಕ್ಕಕ್ಕೆ ಮತ್ತೆ ಮಾರ್ಚ್ ನೀರಿಗೇ ಬರಬೇಕು. ದಿನವೂ ಮೇವು ಹಾಕಿ ಸಾಕುವ ಕೆರೆಗೆ ಎಕರೆಗೆ 2,000ದಿಂದ 4,000 ಮರಿ ಬಿಡುವ ರೂಢಿ. ನೀರು ಕಾಲುಭಾಗಕ್ಕೆ ಇಳಿಯುವ, ಗಾಳಕ್ಕೆಂದು ಇಟ್ಟುಕೊಂಡ ಕೆರೆಗೆ ಅದು ಹೊಂದುವುದಿಲ್ಲ. ಉಳಿಯುವ ನೀರಿನ 3,000 ಲೀಟರಿಗೆ ಒಂದು ಮೀನು ಎಂದು ಹಿಡಿದರೆ ಮೇಲೆ ಹೇಳಿದ ಕೆರೆಗೆ 600. ನೀರುಕಾಗೆ, ನೀರುನಾಯಿಯ ಪಾಲು ಸೇರಿಸಿ 800 ಮರಿ ತನ್ನಿ: 320 ರೋಹು, 280 ಕಾಟ್ಲಾ, 200 ಮೃಗಾಲ್. ಕೆರೆಯಲ್ಲಿ ಕೊರವ ಇದ್ದರೆ ಗೇಣುದ್ದಕ್ಕೆ ಹತ್ತಿರದ ಮರಿಯೇ ಆಗಬೇಕು, ಬೆರಳುದ್ದದ್ದು ಅದಕ್ಕೆ ತಿಂಡಿ. ಬಿಳಿಮೀನು, ಅಂದರೆ ಮಹಶೀರ್, ಬಿಡುವ ಆಸೆ ಬೇಡ. ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಿಂದ ಅಳಿವಿನ ತೀರಾ ಅಂಚಿನಲ್ಲಿರುವ ಮೀನುಗಳ ಕೆಂಪು ಪಟ್ಟಿಯಲ್ಲಿದೆ. ಹರಿಯುವ ತಣ್ಣನೆಯ ನೀರಿನ ಮೀನನ್ನು ಮೇ ತಿಂಗಳ ಕೆಸರಿಗೆ ತಂದು ಸಾಯಿಸುವುದು ಅನ್ಯಾಯ.

ಆಗಸ್ಟ್‌ನ ಜೋರು ಮಳೆಯಲ್ಲಿ ಬಿಟ್ಟರೆ ಮರಿ ಕೋಡಿಯಲ್ಲೇ ಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ ಕೋಡಿ ತಗ್ಗಿದ ಮೇಲೆ ತನ್ನಿ. ಕೋಡಿಗೆ ಬಲೆಯನ್ನು ನೆಟ್ಟಗೆ ಕಟ್ಟಿದರೆ ಸಿಲ್ವರ್ ಓಕ್ ಎಲೆ ಬಂದು ಮುಚ್ಚಿ ನೀರು ಏರಿಯ ಮೇಲೆ ಹತ್ತುತ್ತದೆ, ಏರಿ ಒಡೆಯುವುದು ಹೀಗೆಯೇ. ಒಂದು ಸೆಂಟಿಮೀಟರ್ ಸಂದಿನ ಸರಳುಗಳನ್ನು ಓರೆಯಾಗಿ, ಕೋಡಿಯ ಅಗಲದ ಮೂರು ಪಟ್ಟು ಉದ್ದಕ್ಕೆ ನಿಲ್ಲಿಸಿದರೆ ಎಲೆ ಮೇಲಕ್ಕೆ ಜಾರಿ ನೀರಿಗೆ ದಾರಿ ಇರುತ್ತದೆ. ಮರಿಯ ಚೀಲವನ್ನು ಬಿಚ್ಚದೆ 20 ನಿಮಿಷ ನೆರಳಿನ ಕಡೆ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ ಕೆರೆಯ ನೀರನ್ನು ಬೊಗಸೆ ಬೊಗಸೆಯಾಗಿ ಸೇರಿಸುತ್ತ ಇನ್ನು 10 ನಿಮಿಷ ಕಾಯಿರಿ. ಚೀಲವನ್ನು ಸುರಿಯಬೇಡಿ. ಓರೆ ಮಾಡಿ ಹಿಡಿದರೆ ಗಟ್ಟಿ ಮರಿಗಳು ತಾವೇ ಈಜಿ ಹೊರಟು ಹೋಗುತ್ತವೆ, ಚೀಲದಲ್ಲೇ ಉಳಿದವನ್ನು ಎಣಿಸಿ 800ರಿಂದ ಕಳೆದು ಬರೆದಿಡಿ.