ಸಕಲೇಶಪುರದ ಲೈನ್ ಮನೆಗಳಲ್ಲಿ ಒಂದು ವಾರಾಂತ್ಯ

ಸುವಾರ್ತೆ ತಿಳಿಸಲು ಸಕಲೇಶಪುರದ ಕಡೆ ಹೊರಡುವ ಹಿಂದಿನ ದಿನ ನಮ್ಮ ತಂಡದ ಲೀಡರ್ ಅಕ್ಕ ವಾಟ್ಸಾಪ್ ಗುಂಪಿನಲ್ಲಿ ಒಂದು ಪಟ್ಟಿ ಹಾಕಿದರು. ತರಬೇಕಾದ್ದಕ್ಕಿಂತ ತರಬಾರದ್ದೇ ಅದರಲ್ಲಿ ಜಾಸ್ತಿ ಇತ್ತು. ಕರಪತ್ರ ಬೇಡ. ಹಂಚುವುದಕ್ಕೆ ಕಂಬಳಿ, ಬಟ್ಟೆ, ಮಕ್ಕಳಿಗೆ ಪೆನ್ಸಿಲ್ ಡಬ್ಬಿ, ಏನೂ ಬೇಡ. ಕರೆಯದವರ ಮನೆಗೆ ಹೋಗುವಂತಿಲ್ಲ. ನಮ್ಮ ರಾಜ್ಯದಲ್ಲಿ 2022ರಲ್ಲಿ ಬಂದ ಮತಾಂತರ ಕಾಯ್ದೆ ಉಡುಗೊರೆಯನ್ನೂ ಆಮಿಷದ ಲೆಕ್ಕಕ್ಕೆ ಸೇರಿಸುತ್ತದೆ. ಹಾಗಾಗಿ ಕೈ ಬೀಸಿಕೊಂಡು ಹೋಗುವುದೇ ಕ್ಷೇಮ ಅಂತ ಅಕ್ಕ ಬರೆದಿದ್ದರು.

ಗುಂಪಿನಲ್ಲಿ ಒಂದಿಬ್ಬರಿಗೆ ಇದು ಬೇಜಾರಾಯಿತು. ನನಗೆ ಆಗಲಿಲ್ಲ. ಕಂಬಳಿ ಕೊಟ್ಟು ಪ್ರಾರ್ಥನೆ ಮಾಡಿದರೆ ಎದುರಿಗೆ ಕೂತವರು ಕಣ್ಣು ಮುಚ್ಚಿದ್ದು ಯಾವುದಕ್ಕೆ ಅಂತ ನಮಗೂ ಗೊತ್ತಾಗುವುದಿಲ್ಲ, ಅವರಿಗೂ ಗೊತ್ತಾಗುವುದಿಲ್ಲ.

ನಾವು ಬೆಂಗಳೂರಿನಲ್ಲಿ ಒಂದು ವರ್ಷದ ಕ್ರೈಸ್ತ ಸೇವಾ ತರಬೇತಿಗೆ ಸೇರಿದ ಇಂಟರ್ನ್‌ಗಳು. ಬೀದರ್‌ನ ಮೆಥಡಿಸ್ಟ್ ಮನೆತನದ ಹುಡುಗ, ಮಂಡ್ಯದವಳು, ಕೋಲಾರದ ಅಣ್ಣತಮ್ಮಂದಿರು, ಎರಡು ವರ್ಷ ಐಟಿ ಕೆಲಸ ಮಾಡಿ ಬಿಟ್ಟು ಬಂದವಳು, ಹೀಗೆ ನಾನಾ ಊರಿನವರು. ಫೆಬ್ರವರಿಯ ಆ ಶನಿವಾರ ಯಶವಂತಪುರದಿಂದ ಬೆಳಗಿನ ರೈಲು ಹಿಡಿದೆವು. 2017ರ ತನಕ ಹಾಸನಕ್ಕೆ ರೈಲಲ್ಲಿ ಹೋಗುವುದೆಂದರೆ ಅರಸೀಕೆರೆ ಸುತ್ತಬೇಕಿತ್ತು, ಇಲ್ಲವೇ ಮೈಸೂರು. ಈಗ ಕುಣಿಗಲ್, ಯಡಿಯೂರು, ಶ್ರವಣಬೆಳಗೊಳದ ಮೇಲೆ ನೇರ ದಾರಿ. ಬೆಳಗೊಳದ ಬೆಟ್ಟ ಕಂಡಾಗ ಬೋಗಿಯಲ್ಲಿ ಅರ್ಧ ಜನ ಎದ್ದು ಕಿಟಕಿಗೆ ಬಂದರು. ನಮ್ಮವರು ಇಡ್ಲಿ ಪೊಟ್ಟಣ ಬಿಚ್ಚುವುದರಲ್ಲಿದ್ದರು.

ರೈಲಲ್ಲೇ ಅಕ್ಕ ನಮಗೆ ಅಬ್ಬೆ ದುಬೊವಾನ ಕಥೆ ಹೇಳಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋದ ಕ್ರೈಸ್ತರನ್ನು ಮತ್ತೆ ಕೂಡಿಸಲಿಕ್ಕೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಆತ. ಇಲ್ಲಿನವರ ಹಾಗೇ ಬಟ್ಟೆ ಉಟ್ಟ, ಮಾಂಸ ಬಿಟ್ಟ. ಹಾಸನದ ಕಡೆ ಬಡ ಕ್ರೈಸ್ತರಿಗೆ ಜಮೀನು ಮಾಡಿಸಿ ಊರು ಕಟ್ಟಿಸಿದ. ಸಿಡುಬಿನ ಲಸಿಕೆ ಆಗಷ್ಟೇ ಬಂದಿತ್ತು. ಹೆದರುತ್ತಿದ್ದ ಜನರನ್ನು ಒಪ್ಪಿಸಿ ಸಾವಿರಾರು ಮಂದಿಗೆ ಹಾಕಿಸಿದ. ಮೂವತ್ತು ವರ್ಷ ಈ ದೇಶದಲ್ಲಿದ್ದು 1823ರಲ್ಲಿ ವಾಪಸ್ ಹೋದ. ಅದೇ ವರ್ಷ ಅಚ್ಚಾದ ಅವನ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವ ಪ್ರಯತ್ನ ಕೈಗೂಡುವುದಲ್ಲ ಅಂತ ಖಡಾಖಂಡಿತ ಬರೆದಿದ್ದಾನೆ.

‘ಹಂಗಾದ್ರ ನಾವು ಯಾಕ ಹೊಂಟೇವ್ರಿ ಅಕ್ಕ?’ ಅಂದ ಬೀದರ್ ಹುಡುಗ.

‘ಲಸಿಕೆ ಹಾಕಿಸಿಕೊಂಡವರು ಬದುಕಿದ್ರಲ್ಲಪ್ಪ’ ಅಂದರು ಅಕ್ಕ. ಅವನಿಗೆ ಆ ಉತ್ತರ ಸಾಲಲಿಲ್ಲ. ನನಗೂ ಪೂರ್ತಿ ಸಾಲಲಿಲ್ಲ.

ಹಾಸನದಲ್ಲಿ ಟೆಂಪೋ ಟ್ರಾವೆಲರ್ ಕಾಯುತ್ತಿತ್ತು. ವೆಸ್ಲಿಯನ್ ಮಿಷನರಿಗಳ ಕಾಲದ ರೆಡ್‌ಫರ್ನ್ ಆಸ್ಪತ್ರೆ ಈ ಊರಿನಲ್ಲೇ ಇದೆ, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ನಡೆಸುತ್ತದೆ. ಮಂಡ್ಯದವಳ ಅಜ್ಜಿ ನರ್ಸಿಂಗ್ ಕಲಿತದ್ದು ಅಲ್ಲೇ ಅಂತೆ. ನೋಡಿ ಬರೋಣ ಅಂತ ಅವಳು ಹಟ ಹಿಡಿದಳು, ಹೊತ್ತಿರಲಿಲ್ಲ. ಬೇಲೂರು ಅಂದವನಿಗೂ ಅದೇ ಉತ್ತರ ಸಿಕ್ಕಿತು. ಶೆಟ್ಟಿಹಳ್ಳಿಗೆ ಮಾತ್ರ ಅಕ್ಕ ಒಪ್ಪಿದರು.

ಹಾಸನದಿಂದ ಅಲ್ಲಿಗೆ ಸುಮಾರು 20 ಕಿ.ಮೀ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚ್ ಅದು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದು ಹೇಮಾವತಿ ಹಿಂದಕ್ಕೆ ಹರಡಿದ ಮೇಲೆ ಊರು ಖಾಲಿಯಾಯಿತು, ಚರ್ಚ್ ನೀರಿನಲ್ಲಿ ಉಳಿಯಿತು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ನಾವು ಹೋದಾಗ ನೀರು ಇಳಿದು ಸುತ್ತ ಬಿರುಕು ಬಿಟ್ಟ ಕೆಸರು. ಚಾವಣಿ ಇಲ್ಲ. ಕಮಾನುಗಳು ನಿಂತಿವೆ, ಒಳಗೆ ಇಟ್ಟಿಗೆ ರಾಶಿ. ಗೋಡೆಯ ಮೇಲೆ ನೀರು ಎಲ್ಲಿವರೆಗೆ ಬಂದಿತ್ತು ಅನ್ನುವ ಗುರುತು ಗೆರೆ ಗೆರೆಯಾಗಿ ಕಾಣುತ್ತದೆ.

ಫೋಟೋದಲ್ಲಿ ನೋಡಿದ ಚರ್ಚಿಗೂ ಎದುರಿಗಿದ್ದದ್ದಕ್ಕೂ ವ್ಯತ್ಯಾಸ ಇತ್ತು. ಒಂದು ಮೂಲೆಯಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಸುತ್ತಿದ್ದ ಜೋಡಿ. ಹುಡುಗಿಯ ಉದ್ದನೆ ಗೌನಿನ ಅಂಚನ್ನು ಇಬ್ಬರು ಎತ್ತಿ ಹಿಡಿದಿದ್ದರು, ಕೆಸರು ತಾಗದ ಹಾಗೆ. ಮೇಲೆ ಡ್ರೋನ್ ಗುಂಯ್ ಅನ್ನುತ್ತಿತ್ತು. ನಮ್ಮಲ್ಲಿ ಬಹಳ ಜನ ಪ್ರಾಟೆಸ್ಟೆಂಟರು. ಆದರೂ ಬಾಗಿಲ ಹತ್ತಿರ ಎಲ್ಲರೂ ನಿಂತುಬಿಟ್ಟರು. ಚಪ್ಪಲಿ ಬಿಡಬೇಕಾ ಬೇಡವಾ ಅನ್ನುವ ಅನುಮಾನ. ಎಮ್ಮೆ ಮೇಯಿಸುತ್ತಿದ್ದ ಒಬ್ಬರು ದೂರದಿಂದಲೇ ಕೂಗಿದರು: ‘ಹಾಕ್ಕಂಡೇ ಹೋಗಿ, ಒಳಗೆಲ್ಲ ಬಾಟ್ಲಿ ಚೂರವೆ.’

ಆಮೇಲೆ ಅವರೇ ಹತ್ತಿರ ಬಂದು ಮಾತಾಡಿದರು. ಅವರ ಮನೆಯ ಗದ್ದೆ ಇದ್ದದ್ದು ಈಗ ನೀರಿರುವ ಕಡೆ, ಕೈಯಲ್ಲಿ ಜಾಗ ತೋರಿಸಿದರು. ಪರಿಹಾರದ ಜಮೀನು ಬೇರೆ ಕಡೆ ಸಿಕ್ಕಿತು, ಕಲ್ಲು ನೆಲ ಅಂತೆ. ‘ನೀವು ಇಗರ್ಜಿಯೋರಾ?’ ಅಂತ ಕೇಳಿದರು. ಹೌದು ಅಂದೆವು. ‘ಹಂಗಾರೆ ಯಾರ್ಗಾರ ಹೇಳಿ, ಗ್ವಾಡೆ ಬೀಳ್ತಾ ಐತೆ’ ಅಂದರು. ಅಲ್ಲಿಗೆ ಬರುವ ಎಲ್ಲರಿಗೂ ಇದನ್ನೇ ಹೇಳುತ್ತಾರೇನೋ. ಚರ್ಚಿನ ಒಳಗೆ ಒಂದು ಹಾಡು ಹಾಡಬೇಕು ಅಂತ ಕೋಲಾರದವರು ದಾರಿಯುದ್ದಕ್ಕೂ ಅಂದುಕೊಂಡಿದ್ದರು. ಡ್ರೋನ್ ಸದ್ದಿನಲ್ಲಿ ಅದು ಆಗಲಿಲ್ಲ.

ಆಲೂರು ದಾಟಿ ಸಕಲೇಶಪುರದ ಕಡೆ ಹೋಗುತ್ತಿದ್ದ ಹಾಗೆ ಗಾಳಿ ಬದಲಾಯಿತು. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಅರೇಬಿಕಾ ಕೊಯ್ಲು ಮುಗಿದಿತ್ತು, ರೊಬಸ್ಟಾ ನಡೆಯುತ್ತಿತ್ತು. ಕಣಗಳಲ್ಲಿ ಹಣ್ಣು ಒಣಗಲು ಹರಡಿದ್ದರು. ಒಣಗುವ ಕಾಫಿ ಹಣ್ಣಿನ ವಾಸನೆ ಕಾಫಿಯ ಹಾಗಿರುವುದಿಲ್ಲ, ಸ್ವಲ್ಪ ಹುಳಿ ಹುಳಿ, ತಲೆ ಹಿಡಿಯುವಂಥದು. ಐಟಿ ಬಿಟ್ಟು ಬಂದವಳು ಮೂಗು ಮುಚ್ಚಿಕೊಂಡಳು.

ನಮ್ಮನ್ನು ಕರೆಸಿದ್ದು ಅಲ್ಲಿನ ಒಂದು ಚಿಕ್ಕ ಕ್ರೈಸ್ತ ಸಭೆಯ ಪಾಸ್ಟರ್. ಪಾಸ್ಟರಮ್ಮ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಇಟ್ಟುಕೊಂಡು ಕಾಯುತ್ತಿದ್ದರು. ಏಳು ಕಿ.ಮೀ. ಆಚೆ ಒಂದು ಎಸ್ಟೇಟಿನ ಲೈನ್ ಮನೆಗಳಲ್ಲಿ, ಅಂದರೆ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಮನೆಗಳಲ್ಲಿ, ಜಾರ್ಖಂಡ್, ಅಸ್ಸಾಮಿನ ಕೆಲಸಗಾರರಿದ್ದಾರೆ. ಅಲ್ಲಿ ಒಂದು ಮನೆಯ ಮಗುವಿಗೆ ಜ್ವರ ಬಂದಾಗ ಪಾಸ್ಟರ್ ತಮ್ಮ ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಆಗ ಶುರುವಾದ ಪರಿಚಯ. ‘ಒಂದೆರಡು ಮನೆ ನಮ್ಮೋರೇ ಇರ್ಬೇಕು. ಮಿಕ್ಕೋರು ಯಾರೋ ಏನೋ, ನಂಗೆ ಹಿಂದಿ ಬರಲ್ಲ’ ಅಂದರು. ಎಸ್ಟೇಟಿನ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಒಪ್ಪಿಗೆ ಕೊಟ್ಟಿದ್ದರು. ಒಂದೇ ಷರತ್ತು, ಆರು ಗಂಟೆಗೆ ಮುಗಿಸಿ ಹೊರಡಬೇಕು. ಆನೆ.

ಸಕಲೇಶಪುರ, ಆಲೂರು ಕಡೆ ಆನೆ ಅಂದರೆ ಹವಾಮಾನದ ಹಾಗೆ. ದಿನ ಬೆಳಗಾದರೆ ಕೇಳಿಕೊಳ್ಳಬೇಕಾದ ಸುದ್ದಿ. ಯಾವ ತೋಟದಲ್ಲಿದೆ, ಎಷ್ಟಿವೆ, ಯಾವ ಕಡೆ ಹೊರಟಿವೆ ಅಂತ ಅರಣ್ಯ ಇಲಾಖೆಯವರ ಸಂದೇಶ ಮೊಬೈಲಿಗೆ ಬರುತ್ತದೆ. ಅದನ್ನು ನೋಡದೆ ಯಾರೂ ತೋಟಕ್ಕೆ ಇಳಿಯುವುದಿಲ್ಲ.

ನಾವು ಎಸ್ಟೇಟ್ ತಲುಪಿದಾಗ ತೂಕ ನಡೆಯುತ್ತಿತ್ತು. ಗಿಡದ ಕೆಳಗೆ ಟಾರ್ಪಾಲ್ ಹಾಸಿ ಕುಯ್ದ ಹಣ್ಣನ್ನು ಮೂಟೆ ಕಟ್ಟಿ ತಂದು, ಸಾಲಾಗಿ ನಿಂತಿದ್ದರು. ಕೂಲಿ ಕೆಜಿ ಲೆಕ್ಕ. ಮುಳ್ಳು ನಿಲ್ಲುವ ತನಕ ಯಾರೂ ಕಣ್ಣು ಕದಲಿಸುವುದಿಲ್ಲ. ಅದು ಮುಗಿದು, ಸ್ನಾನವಾಗಿ, ಮಕ್ಕಳೆಲ್ಲ ಅಂಗಳಕ್ಕೆ ಬರುವಷ್ಟರಲ್ಲಿ ಐದು ದಾಟಿತ್ತು.

ಬೆಂಗಳೂರಿನಲ್ಲಿ ಕಲಿತು ಬಂದಿದ್ದ ನಾಟಕ ಆಡಿದೆವು. ತಪ್ಪಿಹೋದ ಮಗನ ಕಥೆ. ಆಸ್ತಿಯ ಪಾಲು ತೆಗೆದುಕೊಂಡು ದೂರದ ಊರಿಗೆ ಹೋಗಿ, ಎಲ್ಲ ಹಾಳು ಮಾಡಿ, ಹಂದಿ ಕಾಯುವ ಸ್ಥಿತಿಗೆ ಬಂದು, ಕೊನೆಗೆ ಅಪ್ಪನ ಹತ್ತಿರ ವಾಪಸ್ ಬರುವವನು. ಬೀದರ್ ಹುಡುಗ ಪಕ್ಕದಲ್ಲಿ ನಿಂತು ತನ್ನ ದಖನಿ ಹಿಂದಿಯಲ್ಲಿ ಹೇಳುತ್ತಾ ಹೋದ. ಕೋಲಾರದ ತಮ್ಮ ಹಂದಿಯಾಗಿ ನಾಲ್ಕು ಕಾಲಲ್ಲಿ ಬಂದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಅಪ್ಪ ಓಡಿ ಬಂದು ಮಗನನ್ನು ತಬ್ಬಿಕೊಂಡು ಔತಣ ಮಾಡಿಸಿದ. ನಮ್ಮ ಪ್ರಕಾರ ಕಣ್ಣೀರು ಬರಬೇಕಾದ ಜಾಗ ಅದು.

ಮುಂದೆ ಕೂತಿದ್ದ ವಯಸ್ಸಾದ ಹೆಂಗಸು ಏನೋ ಕೇಳಿದರು. ಬೀದರ್ ಹುಡುಗ ನಮ್ಮ ಕಡೆ ತಿರುಗಿ ಹೇಳಿದ: ‘ಅಕ್ಕ, ಇವರು ಏನ್ ಅಂತಾರಂದ್ರ, ನಮ್ಮ ಮಕ್ಳು ದೂರ ಹೋಗೂದು ಮನಿಗಿ ರೊಕ್ಕ ಕಳಸ್ಲಿಕ್ಕ. ಇವ ಮನಿ ರೊಕ್ಕ ತಗೊಂಡು ಹೋಗ್ಯಾನ. ಇವಗ ಯಾಕ ಹಬ್ಬದೂಟ ಅಂತ.’

ಅಕ್ಕ ತಯಾರಿ ಮಾಡಿಕೊಂಡು ಬಂದಿದ್ದ ಸಂದೇಶ ಬೇರೆಯೇ ಇತ್ತು. ಅದನ್ನು ಮಡಚಿಟ್ಟು ಅವರ ಎದುರಿಗೆ ಹೋಗಿ ನೆಲದ ಮೇಲೆ ಕೂತರು. ‘ಕಥೆಯಲ್ಲಿ ದೊಡ್ಡ ಮಗನೂ ಇದನ್ನೇ ಕೇಳ್ತಾನಮ್ಮ’ ಅಂದರು. ‘ಕೇಳದೆ ಇರ್ತಾನಾ’ ಅಂದರು ಆಕೆ. ಅಲ್ಲಿಂದ ಮಾತು ಶುರುವಾಯಿತು. ಯಾರ ಮಗ ಎಲ್ಲಿದ್ದಾನೆ, ಯಾರು ಫೋನ್ ಮಾಡುವುದಿಲ್ಲ, ಯಾರ ದುಡ್ಡು ಮೇಸ್ತ್ರಿಯ ಹತ್ತಿರ ನಿಂತಿದೆ. ನಾನು ಚರ್ಚಿನಲ್ಲಿ ಕೇಳಿರುವ ಎಷ್ಟೋ ಪ್ರಸಂಗಗಳಿಗಿಂತ ಈ ಕಥೆ ಅವತ್ತು ಆ ಅಂಗಳದಲ್ಲಿ ಜಾಸ್ತಿ ಬಿಸಿಯಾಗಿತ್ತು.

ಆರಕ್ಕೆ ಹೊರಡಬೇಕು ಅನ್ನುವಾಗ ರೈಟರ್ ಬಂದರು. ಪಕ್ಕದ ತೋಟದಿಂದ ಆನೆಗಳು ರಸ್ತೆಗೆ ಬಂದಿವೆ, ಗಾಡಿ ತೆಗೆಯಬೇಡಿ ಅಂದರು. ಎಷ್ಟು ಹೊತ್ತು ಅಂದರೆ, ‘ಅದು ಆನೆ ಹೇಳ್ಬೇಕು’ ಅಂದರು.

ಕಾಫಿ ತೋಟದ ನಡುವೆ ಕೂತು ಅವತ್ತು ನಾವು ಕುಡಿದದ್ದು ಹಾಲಿಲ್ಲದ ಕೆಂಪು ಚಹಾ. ಚಳಿ ಏರುತ್ತಿತ್ತು, ಬೆಂಕಿ ಹಾಕಿದರು. ನಮ್ಮ ಗಿಟಾರಿನಲ್ಲಿ ಎರಡು ಕನ್ನಡ ಹಾಡು ಹಾಡಿದೆವು. ಮುಗಿಯುತ್ತಿದ್ದ ಹಾಗೆ ಒಬ್ಬ ಹಿರಿಯರು ಎದ್ದು ನಮಗೆಲ್ಲ ಕೈ ಮುಗಿದು ‘ಈಶು ಸಹಾಯ್’ ಅಂದರು. ಬೀದರ್ ಹುಡುಗನಿಗೂ ಅರ್ಥವಾಗಲಿಲ್ಲ, ಅಕ್ಕನಿಗೆ ಆಯಿತು. ರಾಂಚಿ ಕಡೆಯ ಲುಥೆರನ್ ಕ್ರೈಸ್ತರು ಪರಸ್ಪರ ನಮಸ್ಕಾರ ಹೇಳುವುದು ಹೀಗೆ. ಬರ್ಲಿನ್‌ನ ಗಾಸ್ನರ್ ಎಂಬ ಪಾದ್ರಿ ಕಳಿಸಿದ ನಾಲ್ಕು ಜನ ಮಿಷನರಿಗಳು ರಾಂಚಿಗೆ ಬಂದದ್ದು 1845ರಲ್ಲಿ. 1850ರಲ್ಲಿ ಅಲ್ಲಿ ಮೊದಲ ದೀಕ್ಷಾಸ್ನಾನಗಳಾದವು. ಅಂದರೆ ನಾವು ಬೆಳಿಗ್ಗೆ ನೋಡಿ ಬಂದ ಚರ್ಚಿನ ಗೋಡೆ ಏಳುವುದಕ್ಕೆ ಮುಂಚೆಯೇ ಆ ಸೀಮೆಯಲ್ಲಿ ಸಭೆಗಳಿದ್ದವು. ಆಮೇಲೆ ಅಲ್ಲಿನ ಆದಿವಾಸಿಗಳು ಸಾವಿರಗಟ್ಟಲೆ ಅಸ್ಸಾಮಿನ ಚಹಾ ತೋಟಗಳಿಗೆ ಹೋದರು. ಈಗ ಅವರ ಮೊಮ್ಮಕ್ಕಳ ಮಕ್ಕಳು ನಮ್ಮ ಕಾಫಿ ಕುಯ್ಯುತ್ತಿದ್ದಾರೆ. ಪಾಸ್ಟರ್ ಒಂದೆರಡು ಅಂದುಕೊಂಡಿದ್ದರು. ಆ ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಮನೆ ಇವರದೇ.

ಒಳಗಿಂದ ಮಾಂದರ್ ಬಂತು, ಹೆಗಲಿಗೆ ಹಾಕಿಕೊಂಡು ಎರಡೂ ಕಡೆ ಬಾರಿಸುವ ಮದ್ದಳೆಯಂಥ ವಾದ್ಯ. ಹೆಂಗಸರು ಕೈ ಕೈ ಹಿಡಿದು ಸಾಲು ಕಟ್ಟಿದರು. ಹಾಡು ಜಾರ್ಖಂಡ್ ಕಡೆಯ ಸಾದ್ರಿ ಭಾಷೆಯದು. ನಮಗೆ ತಿಳಿದದ್ದು ಯೇಸುವಿನ ಹೆಸರೊಂದೇ. ಮಂಡ್ಯದವಳನ್ನು ಎಳೆದು ಸಾಲಿಗೆ ಸೇರಿಸಿದರು. ಅವಳು ಕಾಲು ತಪ್ಪಿದಾಗಲೆಲ್ಲ ಪಕ್ಕದ ಹುಡುಗಿ ಕಾಲಿನಿಂದಲೇ ತಳ್ಳಿ ಸರಿ ಮಾಡುತ್ತಿದ್ದಳು. ಗಿಟಾರ್ ಚೀಲಕ್ಕೆ ಹೋಯಿತು. ಒಂಬತ್ತೂವರೆಗೆ ರಸ್ತೆ ಖಾಲಿ ಅಂತ ಸುದ್ದಿ ಬಂದಾಗ ಏಳುವುದಕ್ಕೆ ಯಾರಿಗೂ ಮನಸ್ಸಿರಲಿಲ್ಲ.

ಭಾನುವಾರದ ಆರಾಧನೆಗೆ ಅವರು ಯಾರೂ ಬರಲಿಲ್ಲ. ಬರುವ ಹಾಗಿರಲಿಲ್ಲ. ಆ ಎಸ್ಟೇಟಿನಲ್ಲಿ ವಾರದ ರಜೆ ಸಂತೆ ದಿನ, ಭಾನುವಾರ ಕೊಯ್ಲು ಇರುತ್ತದೆ. ಶೀಟಿನ ಚಾವಣಿಯ ಪುಟ್ಟ ಚರ್ಚಿನಲ್ಲಿ ಊರಿನ ಸಭೆಯವರು ತುಂಬಿದ್ದರು. ಸಾಕ್ಷಿ ಹೇಳಲು, ಅಂದರೆ ನಮ್ಮ ನಂಬಿಕೆಯ ಅನುಭವ ಹೇಳಲು, ನಮ್ಮನ್ನು ಮುಂದೆ ಕರೆದರು, ಹೇಳಿದೆವು. ಅದರಲ್ಲಿ ವಿಶೇಷ ಏನಿಲ್ಲ. ಊಟಕ್ಕೆ ಕೂತಾಗ ಪಾಸ್ಟರ್ ಕೋಳಿ ಸಾರು ಬಡಿಸುತ್ತಾ ಬೇರೆಯೇ ಯೋಚನೆಯಲ್ಲಿದ್ದರು. ‘ಭಾನುವಾರವೇ ಆಗ್ಬೇಕು ಅಂತ ಏನಿದೆ? ಸಂತೆ ದಿನ ಸಾಯಂಕಾಲ ನಾನೇ ಲೈನಿಗೆ ಹೋಗ್ತೀನಿ. ಪ್ರಸಂಗ ಅವರ ಹಿರಿಯರೇ ಮಾಡ್ಲಿ. ನಾನು ಸುಮ್ನೆ ಕೂತಿರ್ತೀನಿ, ಹಿಂದಿನೂ ಕಲ್ತಂಗಾಗುತ್ತೆ’ ಅಂದರು. ಪಾಸ್ಟರಮ್ಮ ನಕ್ಕು, ‘ನೀವು ಸುಮ್ನೆ ಕೂರೋದಾ?’ ಅಂದರು. ರೈಟರಿಗೆ ಅಲ್ಲಿಂದಲೇ ಫೋನ್ ಹೋಯಿತು. ಅವರು ಆಗಲಿ ಅಂದರು, ಆರರ ಷರತ್ತು ಹಾಗೇ.

ವಾಪಸ್ ರೈಲಿನಲ್ಲಿ ಅಕ್ಕ ವರದಿಯ ಫಾರಂ ತೆಗೆದರು. ಪ್ರತಿ ಔಟ್‌ರೀಚ್ ಆದ ಮೇಲೆ ನಾವು ಅದನ್ನು ತುಂಬಿ ಕೊಡಬೇಕು. ಎಷ್ಟು ಜನರಿಗೆ ಸುವಾರ್ತೆ ತಿಳಿಸಿದಿರಿ, ಎಷ್ಟು ಜನ ಯೇಸುವನ್ನು ಸ್ವೀಕರಿಸಿದರು, ಹೀಗೆ ಕಾಲಂಗಳು. ಎರಡನೆಯದಕ್ಕೆ ಏನು ಬರೆಯುವುದು ಅಂತ ಚನ್ನರಾಯಪಟ್ಟಣದ ತನಕ ಜಗಳವಾಯಿತು. ಐಟಿ ಬಿಟ್ಟು ಬಂದವಳು ಸೊನ್ನೆ ಬರೆಯಿರಿ ಅಂದಳು. ಬೀದರ್ ಹುಡುಗ 1850 ಅಂತ ಬರೆಯಿರಿ ಅಂದ. ಅಕ್ಕ ಎರಡನ್ನೂ ಬರೆಯದೆ ಗೆರೆ ಎಳೆದು, ಕೆಳಗೆ ‘ಇತರೆ’ ಅಂತ ಇದ್ದ ಕಡೆ ಹೀಗೆ ಬರೆದರು: ಹಿಂದಿ ಬೈಬಲ್ 6 ಬೇಕು, ಎರಡು ದೊಡ್ಡ ಅಕ್ಷರದವು. ಸಾದ್ರಿಯಲ್ಲಿ ಹೊಸ ಒಡಂಬಡಿಕೆ ಸಿಕ್ಕರೆ ಇನ್ನೂ ಒಳ್ಳೆಯದು. ಕೊಯ್ಲು ಮುಗಿದರೆ ಅವರು ಊರಿಗೆ ಹೊರಡುತ್ತಾರೆ, ಮಾರ್ಚ್ ಒಳಗೆ ತಲುಪಬೇಕು. ದುಡ್ಡು ಮುಂಗಡ ಕೊಟ್ಟಿದ್ದಾರೆ.